ಬೆವರದ ಮಗಳು, ಬಿಸಿಯಾದ ಗಾಡಿ

ಗ್ಯಾಸ್ ಖಾಲಿಯಾಗಿದೆ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾರಿನ ಎಸಿ ತಂಪು ಕೊಡುತ್ತಿಲ್ಲ ಎಂದು ನಮ್ಮ ಕಡೆಯ ಯಾವ ಗ್ಯಾರೇಜಿಗಾದರೂ ಹೋಗಿ ಹೇಳಿ, ಬಾನೆಟ್ ಎತ್ತುವ ಮೊದಲೇ ತೀರ್ಪು ಹೊರಗೆ ಬಂದಿರುತ್ತದೆ. ನಾನು ಹಾನಗಲ್ಲಿನ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಸಾಕ್ಷಿ ಕೇಳದೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಬಾಯಿ ದೊಡ್ಡದು ಎಂದು ಕೋರ್ಟಿನ ಆವರಣದಲ್ಲಿ ಚಹಾ ಮಾರುವವನಿಗೂ ಗೊತ್ತು, ಮನೆಯವರಿಗಂತೂ ಹೇಳುವುದೇ ಬೇಡ.

ಎಸಿ ಕೆಟ್ಟರೆ ಉಳಿದವರು ಕಿಟಕಿಯ ಗಾಜು ಇಳಿಸಿ, ಸರಕಾರಕ್ಕೊಂದಿಷ್ಟು, ಬಿಸಿಲಿಗೊಂದಿಷ್ಟು ಬೈದು ಮುಂದೆ ಹೋಗುತ್ತಾರೆ. ನಮಗೆ ಅದು ಸಾಧ್ಯವಿಲ್ಲ. ನನ್ನ ಮಗಳಿಗೆ ಬೆವರು ಬರುವುದಿಲ್ಲ. ಹುಟ್ಟುವಾಗಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಇರಲಿಲ್ಲ. ಕೂಸಾಗಿದ್ದಾಗ ಬೇಸಿಗೆ ಬಂತೆಂದರೆ ಜ್ವರ, ಜ್ವರ ಎಂದು ಔಷಧಿ, ಔಷಧಿ ಕುಡಿದರೂ ಇಳಿಯದ ಜ್ವರ. ಒಂದು ದಿನ ಹುಬ್ಬಳ್ಳಿಯ ಡಾಕ್ಟರೊಬ್ಬರು ಅವಳ ಅಂಗೈಯನ್ನು ಬೆರಳಿನಿಂದ ಸವರಿ, "ಈಕಿ ಬೆವತಿದ್ದನ್ನ ಯಾವಾಗರ ನೋಡೀರೇನ್ರಿ?" ಎಂದು ಕೇಳಿದಾಗಲೇ ನಮಗೆ ಹೊಳೆದದ್ದು, ನಾವು ನೋಡಿಯೇ ಇರಲಿಲ್ಲ. ಬೆವರಿಲ್ಲದ ಮೈ ಒಳಗಿನ ಕಾವನ್ನು ಹೊರಗೆ ಹಾಕಲಾರದು. ಹೊರಗೆ ಸುಟ್ಟಂತೆ ಒಳಗೂ ಸುಡುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಕಾರು ಎಂದರೆ ಶೋಕಿಯಲ್ಲ. ಮಾರ್ಚಿನಿಂದ ಮಳೆ ಬೀಳುವವರೆಗೆ ಅವಳು ಮನೆಯ ಹೊಸ್ತಿಲು ದಾಟುವುದೇ ಆ ಗಾಡಿಯ ತಂಪಿನಲ್ಲಿ. ಶಾಲೆಗೆ, ಆಸ್ಪತ್ರೆಗೆ, ಚದುರಂಗದ ಪಂದ್ಯಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಚಿಕ್ಕೇರೂರಿನ ಅಜ್ಜಿಯ ಮನೆಗೆ. ಬ್ಯಾಗಿನಲ್ಲಿ ನೀರು ಸಿಂಪಡಿಸುವ ಬಾಟಲಿ, ಒದ್ದೆ ಟವೆಲು ಯಾವಾಗಲೂ ಇರುತ್ತವೆ. ಆದರೆ ಗಾಡಿ ತಣ್ಣಗಿಲ್ಲದಿದ್ದರೆ ಅವಳ ಲೋಕ ಎರಡು ಕೋಣೆ ಮತ್ತು ಒಂದು ಕೂಲರಿನಷ್ಟೇ. ಯಜಮಾನರಿಗೆ ದೂರದೂರಿನಲ್ಲಿ ನೌಕರಿ, ವಾರಕ್ಕೊಮ್ಮೆ ಬರುತ್ತಾರೆ. ಗಾಡಿ ಓಡಿಸುವವಳೂ ನಾನೇ, ಅದರ ಚಿಂತೆ ಮಾಡುವವಳೂ ನಾನೇ.

ಈ ವರ್ಷ ಯುಗಾದಿಗೆ ಚಿಕ್ಕೇರೂರಿಗೆ ಹೋಗಿದ್ದೆವು. ಅಲ್ಲಿ ನನ್ನ ಅವ್ವ ಮತ್ತು ತಮ್ಮ ಇದ್ದಾರೆ, ಹೊಲವಿದೆ, ಬೋರಿನ ನೀರಿದೆ. ಹಬ್ಬದ ಮರುದಿನ ಹೋಳಿಗೆ ಉಂಡು ಮಧ್ಯಾಹ್ನ ನಾನು ಸತ್ತವಳಂತೆ ಮಲಗಿಬಿಟ್ಟೆ. ಎದ್ದು ನೋಡಿದರೆ ಅಂಗಳದಲ್ಲಿ ನನ್ನ ಗಾಡಿ ಫಳಫಳ ಹೊಳೆಯುತ್ತಿತ್ತು. ತಮ್ಮ ಪೈಪು ಹಿಡಿದು ಮೇಲಿಂದ ಕೆಳಗಿನವರೆಗೆ ತೊಳೆದಿದ್ದ. ಕೇಳದೆ ಒಂದು ಲೋಟ ನೀರು ಕೊಡದ ಪ್ರಾಣಿ ಇವತ್ತೇನು ಗಾಡಿ ತೊಳೆದಿದೆ ಎಂದು ನನಗೆ ನಗು ಬಂತು.

"ಏನಲೇ, ಸೂರ್ಯ ಯಾವ ಕಡೆ ಹುಟ್ಯಾನ ಇವತ್ತು?" ಎಂದೆ.

"ಹಬ್ಬಾ ಅಲ್ಲೇನಕ್ಕ. ಧೂಳ ಆಗಿತ್ತು, ತೊಳದೆ," ಎಂದು ಅವನು ಪೈಪು ಸುತ್ತುತ್ತ ಆಚೆ ಹೋದ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನೂ ಗಾಡಿಯನ್ನೂ ನೋಡಿದಳು. ಮಗಳು ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು. ಹೊರಡುವಾಗ ಅವ್ವ ಒಂದು ಚೀಲದ ತುಂಬ ಹೊಸ ಹೆಸರುಕಾಳು ತಂದು ಡಿಕ್ಕಿಯಲ್ಲಿಟ್ಟಳು. ದಿನಾ ಮುಂಜಾನೆ ಕೂಸಿಗೆ ಗಂಜಿ ಮಾಡಿ ಕುಡಿಸು, ಹೆಸರು ತಂಪು ಎಂದು ಹತ್ತು ಸಲ ಹೇಳಿದಳು.

ಊರಿಗೆ ಬಂದ ಮೇಲೆ ನಿಧಾನವಾಗಿ ಶುರುವಾಯಿತು. ಮುಂಜಾನೆ ಶಾಲೆಗೆ ಬಿಡುವಾಗ ತಂಪು ಸರಿಯಾಗಿಯೇ ಬರುತ್ತಿತ್ತು. ಮಧ್ಯಾಹ್ನ ಕರೆತರುವಾಗ ಬಜಾರದ ಗದ್ದಲದಲ್ಲಿ ನಿಂತರೆ ಗಾಳಿ ಜೋರಾಗಿ ಬರುತ್ತಿತ್ತು, ಆದರೆ ಅದು ಒಲೆಯ ಮುಂದಿನ ಗಾಳಿ. ನಾನು ಹಾನಗಲ್ಲಿನ ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ.

"ತಂಪ ಬರವಲ್ದೇನ್ರಿ? ಗ್ಯಾಸ್ ಖಾಲಿ ಆಗಿರತೈತ್ರಿ ಮೇಡಂರ."

"ನೋಡದನ ಹೆಂಗ ಹೇಳ್ತೀರಿ?"

"ಬ್ಯಾಸಿಗಿ ಅಲ್ಲೇನ್ರಿ. ಎಲ್ಲಾರದೂ ಗ್ಯಾಸ ಖಾಲಿ."

ಬೇಸಿಗೆಗೂ ಗ್ಯಾಸಿಗೂ ಏನು ಸಂಬಂಧ, ಗ್ಯಾಸೇನು ಕೆರೆಯ ನೀರೇ ಆವಿಯಾಗಿ ಹೋಗಲು ಎಂದು ಕೇಳಿದೆ. ಅವನು ನಕ್ಕು ಗ್ಯಾಸು ತುಂಬಿದ. ಸಂಜೆಯ ತಂಪು ಹೊತ್ತಿನಲ್ಲಿ ಕೂತು ನೋಡಿದರೆ ಹಿಮಾಲಯದಂತೆ ತಣ್ಣಗಿತ್ತು. ಸರಿಹೋಯಿತೆಂದು ನಂಬಿದೆ. ಎಷ್ಟಾದರೂ ಕೆಲಸ ಬಲ್ಲವನು, ನಾನೇ ಸುಮ್ಮನೆ ಬಾಯಿ ಮಾಡಿದೆ ಎಂದೂ ಅನಿಸಿತು.

ಆ ದಿನಗಳಲ್ಲಿ ಅವ್ವ ದಿನವೂ ಫೋನು ಮಾಡುತ್ತಿದ್ದಳು. ಕೂಸು ಗಂಜಿ ಕುಡಿಯಿತೇ ಎಂದು ಕೇಳಿದ ಮೇಲೆ, "ಗಾಡಿ ಚಲೋ ಐತೇನವ್ವ?" ಎನ್ನುತ್ತಿದ್ದಳು. ಅವಳು ಹುಟ್ಟಿದಂದಿನಿಂದ ಗಾಡಿಯ ಕ್ಷೇಮ ವಿಚಾರಿಸಿದವಳಲ್ಲ. ಎಸಿ ಕೈಕೊಟ್ಟಿತ್ತು, ಗ್ಯಾಸು ಹಾಕಿಸಿದೆ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಸಿಗ್ನಲ್ ಹೋಯಿತೆಂದುಕೊಂಡು ನಾನು ಫೋನಿಟ್ಟೆ.

ಸವಣೂರಿನಲ್ಲಿ ಮಕ್ಕಳ ಚದುರಂಗ ಪಂದ್ಯವಿತ್ತು. ಓಡುವ ಆಟ, ಜಿಗಿಯುವ ಆಟ ಯಾವುದೂ ನನ್ನ ಮಗಳಿಗಿಲ್ಲ. ಕೂತು ಆಡುವ ಇದೊಂದೇ ಆಟದಲ್ಲಿ ಅವಳು ಎದುರಿನವರನ್ನು ಹಣ್ಣು ಮಾಡುತ್ತಾಳೆ. ಅಂದು ಮುಂಜಾನೆ ಬೇಗ ಹೊರಟೆವು. ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತು ಪುಸ್ತಕ ತೆರೆದಿದ್ದಳು. ಶಿಗ್ಗಾಂವಿಯವರೆಗೆ ಗಾಳಿ ತಣ್ಣಗೇ ಇತ್ತು.

ಶಿಗ್ಗಾಂವಿಯಲ್ಲಿ ಲಗ್ನದ ದಿಬ್ಬಣ ರಸ್ತೆ ಕಟ್ಟಿತ್ತು. ಮುಂದೆ ಟೆಂಪೊ, ಹಿಂದೆ ಲಾರಿ, ಪಕ್ಕದಲ್ಲಿ ಬ್ಯಾಂಡಿನವರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾನು ಹಾರ್ನ್ ಹೊಡೆದೆ, ಗಾಜು ಇಳಿಸಿ ಬ್ಯಾಂಡಿನವನಿಗೆ ಬೈದೆ, ಅವನು ನನಗೇ ಕೇಳಲೆಂದು ಇನ್ನೂ ಜೋರಾಗಿ ಊದಿದ. ಆ ಸಿಟ್ಟಿನಲ್ಲಿ ನನ್ನ ಕುತ್ತಿಗೆಯಿಂದ ಬೆವರು ಇಳಿಯುತ್ತಿದ್ದುದು ನನಗೆ ತಿಳಿಯಲಿಲ್ಲ. ಕೈಯಿಂದ ಒರೆಸಿಕೊಂಡಾಗ ತಿಳಿಯಿತು. ನಾನು ಬೆವರುತ್ತಿದ್ದೇನೆ ಎಂದರೆ ಗಾಡಿಯಲ್ಲಿ ತಂಪಿಲ್ಲ.

ತಿರುಗಿ ನೋಡಿದೆ. ಮಗಳ ಮುಖ ಸುಟ್ಟ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ತುಟಿ ಒಣಗಿತ್ತು. ಪುಸ್ತಕ ತೊಡೆಯ ಮೇಲಿತ್ತು, ಕಣ್ಣು ಪುಸ್ತಕದ ಮೇಲಿರಲಿಲ್ಲ. ಹಣೆ ಮುಟ್ಟಿದೆ, ಹೆಂಚು ಮುಟ್ಟಿದಂತಾಯಿತು. ಅವಳ ಕಡೆಯ ಗಾಳಿಯ ಕಿಂಡಿಯನ್ನು ಅವಳೇ ಮುಚ್ಚಿದ್ದಳು.

"ಯಾಕ ಹೇಳಲಿಲ್ಲ? ಯಾವಾಗಿಂದ ಬಿಸಿ ಬರಾಕತ್ತೇತಿ?"

"ಈಗ, ಮಮ್ಮಿ," ಎಂದಳು. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

ಸಿಂಪಡಿಸುವ ಬಾಟಲಿಯ ನೀರೆಲ್ಲ ಅವಳ ಮೇಲೆ ಸುರಿದೆ. ಗಾಡಿಯನ್ನು ಅಲ್ಲೇ, ರಸ್ತೆಯ ನಡುವೆಯೇ ಬಿಟ್ಟು ಅವಳನ್ನು ಎತ್ತಿಕೊಂಡು ಓಡಿದೆ. ಅಷ್ಟು ದೊಡ್ಡ ಹುಡುಗಿಯನ್ನು ಹೇಗೆ ಎತ್ತಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದುರಿಗೆ ಒಂದು ಸೋಡಾ ಅಂಗಡಿ. ಅಂಗಡಿಯ ಹೆಂಗಸು ಏನು, ಯಾಕೆ ಎಂದು ಕೇಳಲಿಲ್ಲ. ಐಸಿನ ಪೆಟ್ಟಿಗೆಯ ಮುಚ್ಚಳ ತೆಗೆದು, ತುಂಡುಗಳನ್ನು ಗೋಣಿತಾಟಿನ ಮೇಲೆ ಹರಡಿ, ಹಿಂದಿನ ಮೋರಿಯ ಹತ್ತಿರ ಇವಳನ್ನು ಕೂರಿಸಿ ಕೊಡದಿಂದ ನೀರು ಹೊಯ್ಯತೊಡಗಿದಳು.

"ಬಿಸಲ ಬಡದೇತ್ರಿ ತಂಗಿ. ಅಂಗಾಲಿಗೆ ಉಳ್ಳಾಗಡ್ಡಿ ರಸ ಹಚ್ರಿ," ಎಂದಳು.

ಇದು ಬಿಸಿಲು ಬಡಿದದ್ದಲ್ಲ, ಇವಳ ಮೈಯೇ ಹಾಗೆ ಎಂದು ವಿವರಿಸುವ ಶಕ್ತಿ ನನಗಿರಲಿಲ್ಲ. ಉಳ್ಳಾಗಡ್ಡಿ ಕೊಟ್ಟಳು, ಹಚ್ಚಿದೆ. ಆ ಹೊತ್ತಿನಲ್ಲಿ ಯಾರಾದರೂ ಸಗಣಿ ಹಚ್ಚು ಎಂದಿದ್ದರೂ ಹಚ್ಚುತ್ತಿದ್ದೆ. ಮಗಳು ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದ ಮೇಲೆ, ಎರಡು ಅಂಗಡಿ ಆಚೆಯ ದವಾಖಾನೆಗೆ ಒಯ್ದೆವು. ಡಾಕ್ಟರು ಸಲೈನ್ ಹಚ್ಚಿ, ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸು ಬರುತ್ತಿತ್ತು ಎಂದರು. ನಾನು ಗೋಡೆ ಹಿಡಿದು ನೆಲದ ಮೇಲೆ ಕೂತೆ.

ಅಷ್ಟರಲ್ಲಿ ದಿಬ್ಬಣದವರೇ ನನ್ನ ಗಾಡಿಯನ್ನು ತಳ್ಳಿ ಬದಿಗೆ ನಿಲ್ಲಿಸಿದ್ದರು. ಬೈಸಿಕೊಂಡ ಬ್ಯಾಂಡಿನವನೇ ಕೀಲಿ ತಂದುಕೊಟ್ಟು, ಕೂಸು ಹೇಗಿದೆ ಎಂದು ಕೇಳಿ ಹೋದ. ಮಗಳಿಗೆ ನಿದ್ದೆ ಹತ್ತಿದ ಮೇಲೆ, ಸೋಡಾ ಅಂಗಡಿಯ ಹೆಂಗಸನ್ನು ಅವಳ ಹತ್ತಿರ ಕೂರಿಸಿ, ಪಕ್ಕದ ಮೆಕ್ಯಾನಿಕ್ಕನನ್ನು ಕರೆತಂದೆ. ಅವನು ಇಂಜಿನ್ ಶುರುಮಾಡಿ ಕಿವಿಗೊಟ್ಟ. ಟಕ್ ಎಂದು ಒಂದು ಸದ್ದು ಬಂತು, ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್.

"ಕಂಪ್ರೆಸರ್ ಹೋಗೇತ್ರಿ. ಹೊಸಾದು ಹುಬ್ಬಳ್ಳಿಯಿಂದ ತರಸಬೇಕು."

"ಗಾಡಿ ಓಡೂ ಮುಂದ ತಂಪ ಬಂದೈತಿ. ಕಂಪ್ರೆಸರ್ ಹೋಗಿದ್ರ ಅದು ಹೆಂಗ ಬಂತು?"

"ಪೂರಾ ಹೋಗಿಲ್ರಿ. ಅರ್ಧಾ ಹೋಗೇತಿ."

"ಅರ್ಧಾ ಹೋಗೂದಂದ್ರ ಹೆಂಗ? ಮ್ಯಾಲಿಂದ ಅರ್ಧಾನೋ, ಕೆಳಗಿಂದ ಅರ್ಧಾನೋ?"

ಅವನು ಕತ್ತು ಕೆರೆದುಕೊಂಡು, "ನೀವ ವಕೀಲರೇನ್ರಿ?" ಎಂದ. ಹೌದೆಂದೆ. "ಮತ್ತ ನೀವ ರಿಪೇರಿ ಮಾಡ್ಕೊಳ್ರಿ," ಎಂದು ಬಾನೆಟ್ ಹಾಕಿ ಹೋದ.

ಸಿಟ್ಟು ಬಂದಿದ್ದರಿಂದ ನನಗೆ ಒಳ್ಳೆಯದೇ ಆಯಿತು, ತಲೆ ಕೆಲಸ ಮಾಡತೊಡಗಿತು. ಸವಣೂರಿನಲ್ಲಿ ನನ್ನ ಹಳೆಯ ಕಕ್ಷಿದಾರರೊಬ್ಬರಿದ್ದಾರೆ. ಅವರ ಮನೆಯ ಗೋಡೆಯ ತಂಟೆಯನ್ನು ನಾನೇ ನಡೆಸಿದ್ದೆ. ಮನೆಯ ಮುಂದೆಯೇ ಅವರ ಗ್ಯಾರೇಜು, ಎಲ್ಲರೂ ಚಾಚಾ ಎನ್ನುತ್ತಾರೆ. ಫೋನು ಮಾಡಿದೆ. "ಬೆಹನ್, ಹೊತ್ತ ಇಳದ ಮ್ಯಾಲ ಕೂಸಿನ್ನ ಕರಕೊಂಡ ಸೀದಾ ಇಲ್ಲಿಗೆ ಬರ್ರಿ. ಮನ್ಯಾಗ ಕೂಲರ್ ಐತಿ. ಗಾಡಿ ಆಮ್ಯಾಲ ನೋಡೂಣು," ಎಂದರು. ಡಾಕ್ಟರೂ ಹೊತ್ತು ಇಳಿದ ಮೇಲೆ ಹೋಗಬಹುದು ಎಂದರು.

ಮಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಐಸಿನ ಗಂಟನ್ನು ಅವಳ ಕಾಲ ಹತ್ತಿರ ಇಟ್ಟು ಹೊರಟೆ. ದಾರಿಯುದ್ದಕ್ಕೂ ಗಾಡಿಯನ್ನು ಪಾಟೀಸವಾಲಿಗೆ ಒಳಪಡಿಸಿದೆ. ಬಯಲಲ್ಲಿ ಜೋರಾಗಿ ಓಡಿಸಿದರೆ ಕಿಂಡಿಯಿಂದ ತಣ್ಣನೆ ಗಾಳಿ. ಊರು ಬಂದು, ಹಂಪ್ಸಿನ ಮೇಲೆ ನಿಧಾನ ಮಾಡಿದರೆ ಬೆಚ್ಚಗೆ. ಮತ್ತೆ ಬಯಲು, ಮತ್ತೆ ತಂಪು. ಗ್ಯಾಸು ಇಲ್ಲದಿದ್ದರೆ ಬಯಲಿನಲ್ಲೂ ತಂಪು ಬರಬಾರದು. ಕಂಪ್ರೆಸರ್ ಸತ್ತಿದ್ದರೂ ಬರಬಾರದು. ಓಡುವಾಗ ಮಾತ್ರ ಸಿಗುವುದು, ನಿಂತಾಗ ಸಿಗದಿರುವುದು ಏನು? ಮುಂದಿನಿಂದ ಬಡಿಯುವ ಗಾಳಿ. ಎಲ್ಲಿಯೋ ಮೂಗು ಕಟ್ಟಿದೆ ಎನಿಸಿತು. ಇದನ್ನೆಲ್ಲ ನಾನು ಜೋರಾಗಿಯೇ ಹೇಳಿಕೊಳ್ಳುತ್ತಿದ್ದೆ. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಂದ್ಯ ತಪ್ಪಿದ್ದಕ್ಕೆ ಬೇಜಾರಾಗಿದೆ ಎಂದುಕೊಂಡೆ.

ಚಾಚಾ ಅವರ ಹೆಂಡತಿ ಮಗಳನ್ನು ಕೂಲರಿನ ಮುಂದೆ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಗ್ಯಾರೇಜಿನಲ್ಲಿ ನಿಂತು ನನ್ನ ವಾದ ಮಂಡಿಸಿದೆ. ಚಾಚಾ ಮುಂದಿನ ಜಾಲಿಯೊಳಗೆ ಟಾರ್ಚು ಬಿಟ್ಟು, ಫ್ಯಾನು ತಿರುಗುತ್ತಿದೆ, ಸಂದಿಯಿಂದ ಕಾಣುವಷ್ಟೆಲ್ಲ ಸರಿ ಇದೆ, ಗ್ಯಾಸೇ ಇರಬೇಕು ಎಂದರು.

"ಚಾಚಾ, ಗ್ಯಾಸ್ ಅಂದ್ರ ನಾ ಇಲ್ಲೇ ಧರಣಿ ಕುಂದರತೇನಿ. ಬಂಪರ್ ಬಿಚ್ರಿ."

"ಬಂಪರ್ ಬಿಚ್ಚಿದ್ರ ಕ್ಲಿಪ್ ಮುರೀತಾವ ಬೆಹನ್. ಸುಮ್ನ ಯಾಕ?"

"ಮುರೀಲಿ. ನನ್ನ ಮಗಳಕಿಂತ ಕ್ಲಿಪ್ ದೊಡ್ಡುವೇನು?"

ಅವರು ಸ್ಪ್ಯಾನರ್ ಎತ್ತಿಕೊಂಡರು. ಬಂಪರ್ ಬಿಚ್ಚಿ ಕೆಳಗಿಟ್ಟರು. ರೇಡಿಯೇಟರಿನ ಮುಂದೆ ಎಸಿಯ ಇನ್ನೊಂದು ಜಾಲರಿ ಇರುತ್ತದೆ, ಕಂಡೆನ್ಸರ್ ಎನ್ನುತ್ತಾರೆ. ಒಳಗಿನ ಕಾವನ್ನು ಹೊರಗಿನ ಗಾಳಿಗೆ ಬಿಡುವುದು ಅದರ ಕೆಲಸ. ಅದು ಗಾಡಿಯ ಚರ್ಮ ಎಂದು ನನಗೆ ಆಗ ಅನಿಸಿತು. ಆದರೆ ಅಲ್ಲಿ ಜಾಲರಿಯೇ ಕಾಣಲಿಲ್ಲ. ಸಗಣಿ ಸಾರಿಸಿದ ಕಣದಂತೆ ಮೇಲಿಂದ ಕೆಳಗಿನವರೆಗೆ ಬೂದು ಬಣ್ಣದ ಒಂದು ಪದರ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಚಾಚಾ ಬೆರಳಿನಿಂದ ತಟ್ಟಿದರು. ಒಂದು ಹಕ್ಕಳೆ ಕಳಚಿ ನೆಲಕ್ಕೆ ಬಿತ್ತು.

ಹೊಟ್ಟು. ಒಣಗಿದ ಕಾಯಿಯ ಸಿಪ್ಪೆ, ಎಲೆಯ ಚೂರು, ಕಡ್ಡಿ, ಧೂಳು, ಎಲ್ಲ ನೀರಿನಲ್ಲಿ ಕಲಸಿ ಒಣಗಿಸಿದಂತೆ. ನಡುನಡುವೆ ಹಸಿರು ಕಾಳು. ಕೆಳಗಿನ ಮೂಲೆಯಲ್ಲಿ ಕೆಲವು ಕಾಳು ಮೊಳಕೆ ಒಡೆದು ಹಾಗೇ ಒಣಗಿ ನಿಂತಿದ್ದವು. ನನ್ನ ಮಗಳ ಉಸಿರು ಇಷ್ಟು ದಿನ ಈ ಕಸದ ಹಿಂದೆ ಸಿಕ್ಕಿಕೊಂಡಿತ್ತು.

"ಹೆಸರಿನ ರಾಶಿ ಮ್ಯಾಲ ಹಾಯ್ದೀರಿ," ಎಂದರು ಚಾಚಾ. "ಬರೇ ಹಾಯ್ದಿದ್ದಲ್ಲ. ಹೋಗಿ ಬಂದು, ಹೋಗಿ ಬಂದು ತುಳದೀರಿ. ಅದೂ ಎಸಿ ಹಚಗೊಂಡು. ಫ್ಯಾನ್ ಎಲ್ಲಾ ಒಳಗ ಜಗ್ಗೇತಿ. ಆಮ್ಯಾಲ ಯಾರೋ ನೀರ ಹೊಡದಾರ, ಅಲ್ಲೇ ಕೂತು ಗಾರಿ ಆಗೇತಿ."

ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಜೋಳ, ಹುರುಳಿ, ಹೆಸರು, ಸೋಯಾ, ಯಾವುದನ್ನಾದರೂ ತಂದು ರಸ್ತೆಗೆ ಹರಡುತ್ತಾರೆ. ಬಸ್ಸು, ಲಾರಿ, ಕಾರು ತುಳಿದು ತುಳಿದು ಕಾಳು ಬಿಡಿಸಿಕೊಡುತ್ತವೆ. ಬೈಕಿನವರು ಜಾರಿ ಬೀಳುತ್ತಾರೆ. ಹಾಗೆ ಬಿದ್ದ ಒಬ್ಬನ ಕೇಸನ್ನು ನಾನೇ ನಡೆಸಿದ್ದೆ. ಅಂದಿನಿಂದ ರಸ್ತೆಯ ಮೇಲೆ ರಾಶಿ ಕಂಡರೆ ನಾನು ಗಾಡಿ ನಿಲ್ಲಿಸಿ, ಗಾಜು ಇಳಿಸಿ, ಅವರ ಅಪ್ಪ ಅಜ್ಜಂದಿರನ್ನೆಲ್ಲ ವಿಚಾರಿಸಿಕೊಂಡೇ ಮುಂದೆ ಹೋಗುವುದು. ಗ್ಯಾರೇಜಿನಲ್ಲೂ ಅದೇ ಶುರುವಾಯಿತು. ಯಾವ ಊರಿನವರು ಎಂದು ಪತ್ತೆ ಹಚ್ಚುತ್ತೇನೆ, ಒಬ್ಬೊಬ್ಬರನ್ನೂ ಕೋರ್ಟಿಗೆ ಎಳೆಯುತ್ತೇನೆ, ನನ್ನ ಮಗಳನ್ನು ಕೊಲ್ಲಲು ಹೊರಟವರನ್ನು ಬಿಡುತ್ತೇನೆಯೇ ಎಂದು ಕೂಗಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

"ಮಮ್ಮಿ, ಬೈಬ್ಯಾಡ."

ಮಗಳು ಬಾಗಿಲಲ್ಲಿ ನಿಂತಿದ್ದಳು. ಮೈಮೇಲೆ ಒದ್ದೆ ಟವೆಲು. ಅವಳು ನೋಡುತ್ತಿದ್ದುದು ನನ್ನನ್ನಲ್ಲ, ನೆಲದ ಮೇಲೆ ಬಿದ್ದಿದ್ದ ಹಕ್ಕಳೆಯನ್ನು.

"ನೀ ಒಳಗ ಹೋಗು. ಯಾಂವ ಮಾಡ್ಯಾನೋ ಅವನ್ನ ನಾ ಬಿಡಂಗಿಲ್ಲ."

"ಅದು ಅಜ್ಜಿ ಹೆಸರುಕಾಳು, ಮಮ್ಮಿ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನಾನು ಕೋರ್ಟಿನಲ್ಲಿ ಎಷ್ಟು ಜನರಿಗೆ ಹೇಳಿ ನಗಾಡಿದ್ದೇನೋ. ಅಂದು ಅದು ನನ್ನ ಕೊರಳಿಗೇ ಬಿತ್ತು. ಚಾಚಾ ಒಂದು ಸ್ಟೂಲು ತಂದಿಟ್ಟರು. ಮಗಳು ಅದರ ಮೇಲೆ ಕೂತು, ಕೂಲರಿನ ಗಾಳಿಗೆ ತಣ್ಣಗಾದ ಕೈಯಿಂದ ಟವೆಲಿನ ಅಂಚು ತಿರುವುತ್ತ ಒಂದೊಂದಾಗಿ ಹೇಳಿದಳು.

ಹಬ್ಬದ ಮರುದಿನ ಕಾಳು ಬಿಡಿಸುವ ರಾಶಿಗೆ ಬರಬೇಕಿದ್ದ ಟ್ರ್ಯಾಕ್ಟರು ಬರಲಿಲ್ಲ. ಮೋಡ ಕಟ್ಟಿತ್ತು, ಮಳೆ ಬಂದರೆ ಕಿತ್ತಿಟ್ಟ ಹೆಸರಿನ ಬಳ್ಳಿ ಕೊಳೆಯುತ್ತದೆ ಎಂದು ಅಜ್ಜಿ ಚಡಪಡಿಸಿದಳು. ಅದನ್ನು ಅವಳು ಮಾರಲು ಬೆಳೆದಿರಲಿಲ್ಲ. ಬೋರಿನ ನೀರು ಹಾಯಿಸಿ, ಒಂದು ಪಟ್ಟಿ ಹೊಲದಲ್ಲಿ ಬೇಸಿಗೆಯಲ್ಲಿ ಬೆಳೆದದ್ದು ಮೊಮ್ಮಗಳಿಗೆ ಎಂದೇ. ಪೇಟೆಯ ಕಾಳಿಗೆ ಔಷಧಿ ಹೊಡೆದಿರುತ್ತಾರೆ, ಮನೆಯದಾದರೆ ಕೂಸಿನ ಹೊಟ್ಟೆ ವರ್ಷವಿಡೀ ತಂಪಾಗಿರುತ್ತದೆ ಎಂದು ಅವಳ ಲೆಕ್ಕ. ನಾನು ಮಲಗಿದ್ದೆ. ನನ್ನ ತಮ್ಮ ಗಾಡಿಯ ಕೀಲಿ ತೆಗೆದುಕೊಂಡ. ಮನೆಯ ಮುಂದಿನ ರಸ್ತೆಯ ಮೇಲೆ ಬಳ್ಳಿ ಹರಡಿದರು.

"ನಾ ಬಾಜೂಕ ಕುಂತಿದ್ದೆ, ಮಮ್ಮಿ. ಮಾಮಾ ಎಸಿ ಪೂರಾ ಇಟ್ಟಿದ್ದಾ, ನಂಗ ಸೆಕಿ ಆಗಬಾರದಂತ. ಸ್ಟೀರಿಂಗ್ ಮ್ಯಾಲ ನನ್ನ ಕೈನೂ ಇಟ್ಟಿದ್ದಾ. ಅಜ್ಜಿ ಹೊರಗ ಬಳ್ಳಿ ತಿರುವಿ ಹಾಕ್ತಿದ್ಲು, ನಾವು ತುಳೀತಿದ್ವಿ. ಎಲ್ಲಾರೂ ಹೊಲದಾಗ ಏನರ ಕೆಲಸಾ ಮಾಡ್ತಾರ. ನಾ ಮಾಡಿದ್ದು ಅದೊಂದ. ಅಜ್ಜಿ ನಂಗ ರಾಶಿ ಮಾಡಾಕಿ ಅಂದ್ಲು."

ಹೀಗೆ ಹೇಳುವಾಗ ಅವಳ ಮುಖದಲ್ಲಿ ಒಂದು ಕ್ಷಣ ನಗು ಬಂತು. ಅಜ್ಜಿಯ ಹೊಲವನ್ನು ಅವಳು ಯಾವಾಗಲೂ ಗಾಜಿನ ಒಳಗಿನಿಂದಲೇ ನೋಡಿದವಳು.

"ಅಜ್ಜಿ ನಂಗ ಹೇಳಬ್ಯಾಡಂದ್ಲೇನು?"

"ನಿಮ್ಮವ್ವಗ ಹೇಳಬ್ಯಾಡ, ಊರ ಕೂಡೂ ಹಂಗ ಬೈತಾಳ ಅಂದ್ಲು."

"ಹೋಗಲಿ. ಶಿಗ್ಗಾಂವ್ಯಾಗ ಮೈ ಸುಡಾಕತ್ತಾಗ ಯಾಕ ಸುಮ್ಮ ಕುಂತಿ? ಯಾಕ ಕಿಂಡಿ ಮುಚ್ಚಿದಿ?"

ಅವಳು ಟವೆಲನ್ನು ಕತ್ತಿನವರೆಗೆ ಎಳೆದುಕೊಂಡಳು. ಚಾಚಾ ಪೈಪು ಜೋಡಿಸುವುದನ್ನು ಬಿಟ್ಟು ಆ ಕಡೆ ತಿರುಗಿ ನಿಂತರು.

"ರಾಶಿ ಮಾಡಿದ ದಿನದಿಂದನ ತಂಪ ಕಡಿಮಿ ಆಗಿತ್ತು. ನಂಗ ಗೊತ್ತಾಗಿತ್ತು. ಬಿಸಿ ಅಂತ ಹೇಳಿದ್ರ ನೀ ಮೆಕ್ಯಾನಿಕ್ ಹತ್ರ ಹೋಗಾಕಿ, ಅಂವ ಕಂಡ ಹಿಡಿಯಾಂವ, ನೀ ಅಜ್ಜಿ ಜೋಡಿ ಜಗಳಾ ಮಾಡಾಕಿ. ಆಮ್ಯಾಲ ಅಲ್ಲಿಗೆ ಕರಕೊಂಡ ಹೋಗ್ತಿದ್ದಿಲ್ಲ ನೀ. ಸ್ವಲ್ಪ ತಡಕೊಂಡ್ರ ಗಾಡಿ ಮುಂದ ಹೋಗ್ತೇತಿ, ತಂಪ ಬರತೇತಿ ಅಂತ ಕುಂತಿದ್ದೆ. ಬಿಸಿ ಗಾಳಿ ಮಾರಿಗೆ ಬಡೀತಿತ್ತು, ಅದಕ್ಕ ಮುಚ್ಚಿದೆ."

ದವಾಖಾನೆಯಲ್ಲಿ ಡಾಕ್ಟರ ಮಾತು ಕೇಳಿದಾಗ ಆದ ಗಾಬರಿ ಒಂದು ತೂಕ, ಇದು ಬೇರೆಯೇ ತೂಕ. ನನ್ನ ಮಗಳು ಸಾಯುವಷ್ಟು ಕಾದಿದ್ದಾಳೆ, ಬಿಸಿಲಿಗೆ ಹೆದರಿಲ್ಲ, ನನ್ನ ಬಾಯಿಗೆ ಹೆದರಿದ್ದಾಳೆ. ನಾನು ಅವಳನ್ನು ಎಳೆದು ಅಪ್ಪಿಕೊಂಡು ಅತ್ತೆ. ಚಾಚಾ ಇದ್ದಾರೆ, ಬೀದಿಯವರು ನೋಡುತ್ತಾರೆ ಎಂಬ ನಾಚಿಕೆಯೂ ಆಗಲಿಲ್ಲ. "ಮಮ್ಮಿ, ನೀ ಬಿಸಿ ಅದೀ," ಎಂದು ಅವಳು ಮೆಲ್ಲಗೆ ಬಿಡಿಸಿಕೊಂಡಳು.

ಚಾಚಾ ಮೆತ್ತನೆಯ ಬ್ರಶ್ಶಿನಿಂದ ಜಾಲರಿಯ ಗರಿ ಮಣಿಯದಂತೆ ಹೊಟ್ಟು ಕೆರೆದರು. ಆಮೇಲೆ ಹಿಂದಿನಿಂದ ಮುಂದಕ್ಕೆ ಸಣ್ಣಗೆ ನೀರು ಬಿಟ್ಟರು. ಮುಂದಿನಿಂದ ಜೋರು ನೀರು ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದಂತೆ, ನನ್ನ ತಮ್ಮ ಮಾಡಿದ್ದು ಅದನ್ನೇ. ಹಸಿರು ಬೂದು ನೀರು ಗ್ಯಾರೇಜಿನ ನೆಲದ ಮೇಲೆ ಹರಿಯುತ್ತ ಹೋಯಿತು, ಕಾಳುಗಳು ಉರುಳುತ್ತ ಮೋರಿಯ ಬಾಯಲ್ಲಿ ನಿಂತವು. ಹಾನಗಲ್ಲಿನವನು ಹೆಚ್ಚಿಗೆ ತುಂಬಿದ್ದ ಗ್ಯಾಸನ್ನೂ ಸ್ವಲ್ಪ ಇಳಿಸಿದರು. ಗಾಳಿಯಾಡದೆ ಒಳಗಿನ ಒತ್ತಡ ಏರಿ ಕಂಪ್ರೆಸರ್ ತಾನೇ ನಿಲ್ಲುತ್ತಿತ್ತು, ಅದರ ಮೇಲೆ ಗ್ಯಾಸು ಬೇರೆ, ಹೊಟ್ಟೆ ಉಬ್ಬಿದವನಿಗೆ ಹೋಳಿಗೆ ತಿನ್ನಿಸಿದಂತಾಗಿದೆ ಎಂದರು. ಬಂಪರ್ ಜೋಡಿಸಿದರು. ಒಂದು ಕ್ಲಿಪ್ಪು ನಿಜವಾಗಿಯೂ ಮುರಿದಿತ್ತು, ತಂತಿ ಕಟ್ಟಿದರು.

ಅಷ್ಟು ಹೊತ್ತೂ ನಾನು ಫೋನು ಕೈಯಲ್ಲಿ ಹಿಡಿದು ನಿಂತಿದ್ದೆ. ಅವ್ವನಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ವಾದ ಜೋಡಿಸುತ್ತಿದ್ದೆ. ನಿನ್ನ ತಂಪಿನ ಕಾಳಿಗೆ ನನ್ನ ಮಗಳ ಜೀವ ಹೋಗುತ್ತಿತ್ತು ಎಂಬುದು ಮೊದಲ ಮಾತು. ಕೂಸಿಗೆ ಗುಟ್ಟು ಇಟ್ಟುಕೊಳ್ಳಲು ಕಲಿಸಿದೆ ಎಂಬುದು ಎರಡನೆಯದು. ಎರಡೂ ನಿಜ. ಯಾವ ನ್ಯಾಯಾಧೀಶರ ಮುಂದೆ ಇಟ್ಟರೂ ಗೆಲ್ಲುವ ವಾದ. ಮಗಳು ಸ್ಟೂಲಿನ ಮೇಲೆ ಕೂತು ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು.

ಚಾಚಾ ಇಂಜಿನ್ ಶುರುಮಾಡಿ, ನಿಂತಲ್ಲೇ ಬಹಳ ಹೊತ್ತು ಓಡಲು ಬಿಟ್ಟರು. ನಾನು ಒಳಗೆ ಕೂತು ಕಿಂಡಿಗೆ ಕೈ ಹಿಡಿದೆ. ತಣ್ಣಗೆ ಬಂತು. ಕಾದೆ, ಬೆಚ್ಚಗಾಗಲಿಲ್ಲ. ಮಗಳು ಬಂದು ಪಕ್ಕದಲ್ಲಿ ಕೂತು ತನ್ನ ಕಡೆಯ ಕಿಂಡಿ ತೆರೆದಳು. ಮುಖ ಒಡ್ಡಿ ಕಣ್ಣು ಮುಚ್ಚಿದಳು. ಗಲ್ಲದ ಕೆಂಪು ಇಳಿಯುತ್ತ ಬಂದದ್ದನ್ನು ನಾನು ನೋಡಿದೆ. ಆಗ ಫೋನು ಹಚ್ಚಿದೆ.

ಒಂದೇ ರಿಂಗಿಗೆ ಅವ್ವ ಎತ್ತಿದಳು. ಫೋನಿನ ಹತ್ತಿರವೇ ಕೂತಿದ್ದವಳಂತೆ. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು.

"ಗಾಡಿ ಹೆಂಗೈತವ್ವಾ? ತಂಪ ಬರತೇತೇನು ಕೂಸಿಗೆ?"

"ಬರಾಕತ್ತೇತಿ. ಸವಣೂರಾಗ ರಿಪೇರಿ ಮಾಡಿಸಿದೆ."

"ಏನಾಗಿತ್ತಂತ?"

ನಾನು ಮಗಳ ಕಡೆ ನೋಡಿದೆ. ಅವ್ವನ ದನಿ ಸಣ್ಣಗಾಯಿತು. ಕಟಕಟೆಯಲ್ಲಿ ನಿಂತವರ ದನಿ ಹಾಗಾಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ನನ್ನ ಅವ್ವನದು ಕೇಳಿರಲಿಲ್ಲ.

"ನಮ್ಮ ಕಡಿಂದ ಏನರ ಆಗಿತ್ತೇನವ್ವಾ? ಇಲ್ಲಿಂದ ಹೋದ ಮ್ಯಾಲ ಕೆಟ್ಟೇತಂದಿ. ನಂಗ ರಾತ್ರಿ ನಿದ್ದಿನ ಹತ್ತವಲ್ದು. ಕೂಸಿಗೆ ಏನರ ಆದ್ರ ನಾ ಉಳಿಯಾಂಗಿಲ್ಲ ನೋಡು."

ಮಗಳು ಕಣ್ಣು ತೆರೆದಿದ್ದಳು. ಕಿಂಡಿಯ ಮೇಲಿಟ್ಟ ಅವಳ ಬೆರಳು ಅಲುಗಲಿಲ್ಲ. ಜೋಡಿಸಿಟ್ಟುಕೊಂಡಿದ್ದ ವಾದವೆಲ್ಲ ನನ್ನ ಗಂಟಲಲ್ಲೇ ಇತ್ತು.

"ಏನಿಲ್ಲಬೇ," ಎಂದೆ. "ಗ್ಯಾಸ್ ಖಾಲಿ ಆಗಿತ್ತಂತ."

ಹೊರಗೆ ಕೈ ತೊಳೆಯುತ್ತಿದ್ದ ಚಾಚಾ ಒಮ್ಮೆ ನನ್ನನ್ನು ನೋಡಿ, ಮತ್ತೆ ನಳದ ಕಡೆ ತಿರುಗಿದರು. ಅತ್ತ ಕಡೆ ಅವ್ವ ಉಸಿರು ಬಿಟ್ಟದ್ದು ಕೇಳಿಸಿತು.

"ಗ್ಯಾಸ ಹೌದಲ್ಲ? ಬ್ಯಾರೆ ಏನಿಲ್ಲಲ್ಲ?"

"ಬ್ಯಾರೆ ಏನಿಲ್ಲ. ಬ್ಯಾಸಿಗಿ ಅಲ್ಲೇನು, ಎಲ್ಲಾರದೂ ಖಾಲಿ ಆಗತೇತಿ."

ತಮ್ಮನ ವಿಚಾರ ಬೇರೆ. ಅವನೊಂದಿಗೆ ಮರುದಿನ ಕೋರ್ಟಿನಿಂದ ಮಾತಾಡಿದೆ, ಚಹಾ ಮಾರುವವನು ಅಂಗಡಿ ಬಿಟ್ಟು ಬಂದು ಕೇಳಿದ. ಇನ್ನು ಮೇಲೆ ಹೆಸರಿನ ರಾಶಿ ಅಂಗಳದ ಕಣದಲ್ಲೇ, ಕೋಲು ಹಿಡಿದು ಬಡಿದೇ ಆಗುತ್ತದೆ. ಮಗಳು ನೆರಳಿನಲ್ಲಿ ಒದ್ದೆ ಅಂಗಿ ತೊಟ್ಟು, ಮುಂಜಾನೆಯ ಹೊತ್ತು ಮೊರ ಹಿಡಿದು ತೂರಬಹುದು. ಆದರೆ ಅಂದು ಸಂಜೆ ಅವ್ವನಿಗೆ ಅದ್ಯಾವುದನ್ನೂ ಹೇಳಲಿಲ್ಲ. ಮೊಮ್ಮಗಳ ಕೈಗೆ ಫೋನು ಕೊಡು ಎಂದಳು, ಕೊಟ್ಟೆ.

"ಅಜ್ಜಿ, ಗಾಳಿ ಭಾಳ ತಂಪ ಬರಾಕತ್ತೇತಿ," ಎಂದಳು ಮಗಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ, "ಐತವಾರ ನಾವು ಬರ್ತೇವಿ," ಎಂದಳು.

ಐತವಾರ ಹೋಗುತ್ತೇವೆ ಎಂದು ನಾನು ಹೇಳಿರಲಿಲ್ಲ. ಹೂಂ ಎಂದು ತಲೆಯಾಡಿಸಿ ಗಾಡಿಯನ್ನು ಗೇರಿಗೆ ಹಾಕಿದೆ.